‘ಸುಮ್ನ ಕುಂದ್ರವ್ವ’

ಕಲಬುರಗಿಯಿಂದ ಅವ್ವನನ್ನು ಹೈದರಾಬಾದಿಗೆ ಕರೆತಂದ ಮೇಲೆ ನಾನು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಮಾತು ಒಂದೇ: ‘ನೀ ಸುಮ್ನ ಕುಂದ್ರವ್ವ.’ ಅವಳ ಎರಡೂ ಮೊಣಕಾಲು ಸವೆದಿದ್ದವು. ಕಸ-ಮುಸುರೆಗೆ ಆಳು ಇಟ್ಟೆ, ತರಕಾರಿ ಬಾಗಿಲಿಗೇ ಬರುವಂತೆ ಮಾಡಿದೆ. ವರ್ಷ ತುಂಬುವುದರೊಳಗೆ ಅವ್ವ ಗೋಡೆ ಹಿಡಿಯದೆ ಏಳಲಾರದಂತಾದಳು.

ಪ್ರಾಜೆಕ್ಟ್ ಮ್ಯಾನೇಜರನಾದ ನನಗೆ ಸಮಸ್ಯೆ ಅಂದರೆ ದುಡ್ಡು, ಜನ ಹಾಕಿ ಮುಗಿಸುವಂಥದ್ದು. ಫಿಸಿಯೋಥೆರಪಿಸ್ಟ್ ಹೇಳಿದ್ದು ಬೇರೆ. ಕೀಲಿನ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಸ್ಪಂಜನ್ನು ಹಿಂಡಿ ಬಿಟ್ಟಂತೆ, ಭಾರ ಬಿದ್ದು ಇಳಿದಾಗ ಕೀಲಿನ ದ್ರವದಿಂದ ಅದಕ್ಕೆ ಪೋಷಣೆ ಸಿಗುತ್ತದೆ. ಕೂತೇ ಇದ್ದರೆ ತೊಡೆಯ ಸ್ನಾಯು ಸೊರಗುತ್ತದೆ. ಸವೆದದ್ದು ಮರಳಿ ಬಾರದಿದ್ದರೂ ವ್ಯಾಯಾಮದಿಂದ ನೋವು ತಗ್ಗಬಹುದು, ಓಡಾಟ ಸುಧಾರಿಸಬಹುದು. ಕಾಳಜಿಯ ಹೆಸರಿನಲ್ಲಿ ನಾನು ಅವಳಿಂದ ಕಿತ್ತುಕೊಂಡದ್ದು ಅದನ್ನೇ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2019ರಲ್ಲಿ ಜಗತ್ತಿನ ಸುಮಾರು 52.8 ಕೋಟಿ ಜನರಿಗೆ ಈ ಕೀಲುಸವೆತ ಇತ್ತು. ಡೆನ್ಮಾರ್ಕಿನಲ್ಲಿ 2013ರಲ್ಲಿ ಶುರುವಾದ ‘ಗ್ಲಾಡ್’ ಕಾರ್ಯಕ್ರಮ ಇಂಥವರನ್ನು ಗುಂಪು ಸೇರಿಸಿ, ಮೊದಲು ಕಾಯಿಲೆಯ ತಿಳಿವಳಿಕೆ ಕೊಟ್ಟು, ಬಳಿಕ ಫಿಸಿಯೋಥೆರಪಿಸ್ಟರ ಎದುರು ಹನ್ನೆರಡು ಸಲ ವ್ಯಾಯಾಮ ಮಾಡಿಸುತ್ತದೆ. ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲೂ ಬೆಳಿಗ್ಗೆ ಏಳಕ್ಕೆ ಅಂಥದ್ದೇ ಒಂದು ಸಣ್ಣ ಗುಂಪಿದೆ: ಆರು ಜನ ಹೆಂಗಸರು, ಆರು ಪ್ಲಾಸ್ಟಿಕ್ ಕುರ್ಚಿ. ಕೈ ಊರದೆ ಏಳುವುದು, ಕೂರುವುದು. ಅವ್ವ ಈಗ ತೆಲುಗಿನಲ್ಲಿ ಹತ್ತರ ತನಕ ಎಣಿಸುತ್ತಾಳೆ. ‘ನಾ ಹೋಗಲಿಲ್ಲಂದ್ರ ಅವರು ಫೋನ್ ಹಚ್ಚತಾರಪಾ’ ಅನ್ನುತ್ತಾಳೆ. ನಾನು ಮೊಬೈಲಿನಲ್ಲಿ ಹಾಕಿಕೊಟ್ಟ ವಿಡಿಯೋ ಅವಳ ದಾರಿ ಕಾಯುತ್ತಿರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಒಂದು ದಿನ ನಮ್ಮ ಮನೆಗೆಲಸದಾಕೆ ನೆಲ ಒರೆಸಿ, ಮೊಣಕಾಲು ಹಿಡಿದು ಎದ್ದಳು. ‘ನೀವೂ ವ್ಯಾಯಾಮ ಮಾಡಿ’ ಅಂದೆ. ಆಕೆ ನಕ್ಕಳು. ‘ದಿನವಿಡೀ ಅದನ್ನೇ ಮಾಡ್ತೀನಲ್ಲ ಸಾರ್!’

ಅದು ವ್ಯಾಯಾಮವಲ್ಲ. ನೋವು ಹೆಚ್ಚಾದರೆ ಅವ್ವ ನಿಲ್ಲಿಸಬಹುದು. ನಾಲ್ಕು ಮನೆ ಮಾಡುವ ಆಕೆ ನಿಲ್ಲಿಸುವ ಹಾಗಿಲ್ಲ. ಕುಕ್ಕರಗಾಲಲ್ಲಿ, ಮಂಡಿಯೂರಿ ದುಡಿಯುವವರಿಗೆ ಮೊಣಕಾಲ ಸವೆತದ ಅಪಾಯ ಹೆಚ್ಚು. ಏಳು ಗಂಟೆಗೆ ಆಕೆ ಇನ್ನೊಬ್ಬರ ಅಡುಗೆಮನೆಯಲ್ಲಿರುತ್ತಾಳೆ. ಅವ್ವನ ಮೊಣಕಾಲಿನ ಹೊರೆಯನ್ನು ನಾನು ಇಳಿಸಿರಲಿಲ್ಲ, ಆಕೆಯ ಮೊಣಕಾಲಿಗೆ ದಾಟಿಸಿದ್ದೆ. ಸಂಬಳ ಕೊಡುತ್ತೇವಲ್ಲ ಅನ್ನಬಹುದು, ಕೆಲಸ ಬಿಡಿಸಿದರೆ ಆಕೆಗೆ ಇನ್ನೂ ಕಷ್ಟ ಅನ್ನುವುದೂ ನಿಜ. ಆದರೆ ಸಂಬಳ ಕೆಲಸದ ಬೆಲೆ. ಸವೆದ ಕೀಲಿನ ಬೆಲೆ ಅದರಲ್ಲಿ ಸೇರಿದೆಯೆ?

ಕ್ಲಬ್‌ಹೌಸಿನಲ್ಲಿ ಹನ್ನೊಂದಕ್ಕೆ ಇನ್ನೊಂದು ಗುಂಪು ಮಾಡೋಣ, ಕೆಲಸದವರೂ ಬರಲಿ ಎಂದು ಕೇಳಿದೆ. ‘ಅದು ಮೆಂಬರ್ಸಿಗೆ ಮಾತ್ರ’ ಎಂಬ ಉತ್ತರ ಬಂತು. ‘ಸಮುದಾಯ’ ಅಂದರೆ ಮೇಂಟೆನೆನ್ಸ್ ಕಟ್ಟುವವರು ಅಂತ ಅವತ್ತು ತಿಳಿಯಿತು.

ಈಗ ಉದ್ದ ಹಿಡಿಕೆಯ ಮಾಪ್ ತಂದಿದ್ದೇನೆ. ಆಕೆಯೂ ಫಿಸಿಯೋಥೆರಪಿಸ್ಟರಿಗೆ ಒಮ್ಮೆ ತೋರಿಸಿಕೊಂಡಿದ್ದಾಳೆ. ವಾರಕ್ಕೆ ಎರಡು ದಿನ, ಕೆಲಸದ ಹೊತ್ತಿನಲ್ಲೇ, ಸಂಬಳ ಹಿಡಿಯದೆ, ಅರ್ಧ ತಾಸು ನಮ್ಮ ಹಾಲಿನಲ್ಲಿ ಎರಡು ಕುರ್ಚಿ ಹಾಕುತ್ತೇವೆ. ಅವ್ವ ಎಣಿಸುತ್ತಾಳೆ, ಆಕೆ ಅವ್ವನ ತೆಲುಗು ತಿದ್ದುತ್ತಾಳೆ. ಇದರಿಂದ ಲೆಕ್ಕ ಚುಕ್ತಾ ಆಯಿತು ಅಂತ ನನಗನ್ನಿಸಿಲ್ಲ. ಉಳಿದ ಮೂರು ಮನೆಗಳಲ್ಲಿ ಆಕೆ ಇನ್ನೂ ಕುಕ್ಕರಗಾಲಲ್ಲೇ ನೆಲ ಒರೆಸುತ್ತಾಳೆ.