ನಂಬಿ ಕೊಟ್ಟ ಲೆಕ್ಕ

ನಮ್ಮ ಕುಂದಾಪುರ, ಬೈಂದೂರುಗಳ ಕಡೆ ಗೇರುಬೀಜದ ಕಾರ್ಖಾನೆಯನ್ನೋ ಹಂಚಿನ ಕಾರ್ಖಾನೆಯನ್ನೋ ನಡೆಸುವವನು ಒಂದೇ ಲೆಕ್ಕವನ್ನು ತೆರಿಗೆಯವರಿಗೊಮ್ಮೆ, ಅಂಕಿಅಂಶದವರಿಗೊಮ್ಮೆ, ಬ್ಯಾಂಕಿನವರಿಗೊಮ್ಮೆ ಬರೆದುಕೊಡಬೇಕು. ಒಂದು ಕಚೇರಿಯಲ್ಲಿರುವುದನ್ನು ಇನ್ನೊಂದು ಕಚೇರಿ ತಾನೇ ತರಿಸಿಕೊಂಡರೆ ಅವನ ಹೊರೆ ಇಳಿದೀತು. ಇದರಲ್ಲಿ ತಪ್ಪೇನು?

ಹೊರೆ ಇಳಿಸುವುದು ತಪ್ಪಲ್ಲ. ಆದರೆ ಬೀಜವನ್ನು ಯಾವ ದರಕ್ಕೆ ಕೊಂಡೆ, ಯಾರಿಗೆ ಮಾರಿದೆ ಎಂಬುದು ಪಕ್ಕದ ಕಾರ್ಖಾನೆಯವನಿಗೆ ತಿಳಿದರೆ ವ್ಯಾಪಾರವೇ ಕೆಟ್ಟೀತು. ತೆರಿಗೆಗೆಂದು ನಂಬಿ ಬಿಚ್ಚಿಟ್ಟ ಗುಟ್ಟು ಅದು. ಮುದ್ರೆಯೊತ್ತಿ ಕಾಪಾಡಲು ಕೊಟ್ಟ ಗಂಟನ್ನು ಕೌಟಿಲ್ಯನ ಅರ್ಥಶಾಸ್ತ್ರ ‘ಉಪನಿಧಿ’ ಎನ್ನುತ್ತದೆ. ಇಟ್ಟುಕೊಂಡವನು ಅದನ್ನು ತಾನು ಬಳಸಿದರೂ ಅಲ್ಲಿ ದಂಡವುಂಟು.

1922ರ ಆದಾಯತೆರಿಗೆ ಕಾನೂನು ಸಲ್ಲಿಸಿದ ಲೆಕ್ಕವನ್ನು ಗೋಪ್ಯವೆಂದು ಬಗೆದಿತ್ತು. 1961ರ ಕಾನೂನಿನಲ್ಲಿದ್ದ ಅಂಥದೇ ಕಲಮನ್ನು 1964ರಲ್ಲಿ ಕೈಬಿಟ್ಟರು. 2017ರ ಜಿ.ಎಸ್.ಟಿ. ಕಾನೂನಿಗೆ 2023ರಲ್ಲಿ ಸೇರಿದ 158ಎ ಕಲಮು ನಡುದಾರಿ ಹಿಡಿಯಿತು: ಲೆಕ್ಕವನ್ನು ಬೇರೆ ವ್ಯವಸ್ಥೆಗಳಿಗೆ ಒದಗಿಸಬಹುದು, ಆದರೆ ಕೊಟ್ಟವನ ಒಪ್ಪಿಗೆ ಬೇಕು. ಒಳ್ಳೆಯ ಮಾತು. ಅದೇ ಕಲಮಿನ ಕೊನೆಗೆ, ಹೀಗೆ ಹಂಚಿದ್ದರಿಂದ ಒದಗುವ ಹೊಣೆಗಾಗಿ ಸರಕಾರದ ಮೇಲೆ ದಾವೆ ನಡೆಯದು ಎಂದೂ ಇದೆ.

ನನಗೆ ತೊಡಕು ಕಾಣುವುದು ಇಲ್ಲಿಯೇ. ಸಾಲಕ್ಕಾಗಿ ಬಾಗಿಲಲ್ಲಿ ನಿಂತ ಸಣ್ಣ ಉದ್ಯಮಿ ಒಪ್ಪದೆ ಏನು ಮಾಡಿಯಾನು? ಒಪ್ಪಿಗೆ ಅವನದು, ಹಾನಿಯೂ ಅವನದು ಎಂದಾದರೆ, ಇಟ್ಟುಕೊಂಡವನಿಗೆ ಉಳಿದದ್ದೇನು? ಕಾಗದ ಕಡಮೆಯಾಗಲಿ, ಬೇಡವೆನ್ನುವವರಾರು? ತನ್ನ ಲೆಕ್ಕವನ್ನು ಯಾರು, ಯಾವ ಕೆಲಸಕ್ಕೆ ನೋಡಿದರೆಂಬುದು ಕೊಟ್ಟವನಿಗೆ ತಿಳಿಯಬೇಕು. ಕೆಟ್ಟರೆ ಉತ್ತರಿಸುವವನೂ ಇರಬೇಕು. ಅಷ್ಟಾಗದೆ ಉಳಿಸಿದ ಶ್ರಮ ನಂಬಿಕೆಯ ಬೆಲೆಗೆ ಕೊಂಡದ್ದಾಗುತ್ತದೆ.