ಅರವಟ್ಟಿಗೆಯ ಕೊಡ

ಕಳೆದ ಬೇಸಿಗೆಯ ಒಂದು ಶನಿವಾರ ಸಂಜೆ ಫೋನು ಬಂತು. ಆ ಕಡೆ ಯಾದಗಿರಿಯ ಒಬ್ಬ ಗೌಂಡಿ. ಪುಣೆಯ ಹಿಂಜವಡಿ ಹತ್ತಿರ ಏಳುತ್ತಿರುವ ಕಟ್ಟಡದಲ್ಲಿ ಪ್ಲಾಸ್ಟರ್ ಕೆಲಸ ಮಾಡುವವರು. “ಸರ, ಆ ಲೆಕ್ಕದ್ದು ಮೊಬೈಲ್‌ನ್ಯಾಗ ತೆರೀವಲ್ದು. ಏನಾಗ್ಯದರೀ?”

ನಾನೂ ತೆರೆದು ನೋಡಿದೆ. ಪುಟ ಇರಲಿಲ್ಲ. ವರ್ಷಕ್ಕೊಮ್ಮೆ ಕಟ್ಟಬೇಕಾದ ಹಣ ಕಟ್ಟದೆ ಜಾಲತಾಣದ ಹೆಸರೇ ಹೋಗಿತ್ತು.

ಅದನ್ನು ಕಟ್ಟಿದವರು ಇಲ್ಲಿನ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಮೂವರು ಕನ್ನಡದ ಮಕ್ಕಳು. ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಪರಿಚಯವಾದವರು. ಕಟ್ಟಡ ಕಾರ್ಮಿಕರ ಶೆಡ್ಡುಗಳಲ್ಲಿ ಭಾನುವಾರ ಪಾಠ ಹೇಳಲು ನನ್ನ ಜೊತೆ ಬರುತ್ತಿದ್ದರು. ಶೆಡ್ಡಿನ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಭಿನ್ನರಾಶಿ ಮಾತ್ರ ಎರಡರಲ್ಲೂ ಅರ್ಥವಾಗುತ್ತಿರಲಿಲ್ಲ. ಹಾಗಾಗಿ ಒಂದು ಉಚಿತ ತಾಣ ಮಾಡಿದರು. ಪರದೆಯ ಮೇಲೆ ಒಂದು ರೊಟ್ಟಿ. ಬೆರಳಿಟ್ಟರೆ ಅರ್ಧವಾಗುತ್ತದೆ, ಕಾಲಾಗುತ್ತದೆ, ಮುಕ್ಕಾಲು ಉಳಿಯುತ್ತದೆ. ಮೊದಲು ಪಿಜ್ಜಾ ಇತ್ತು. ಅದನ್ನು ರೊಟ್ಟಿ ಮಾಡಿಸಿದ್ದು ಆರು ವರ್ಷದ ಒಬ್ಬ ಹುಡುಗಿ.

ಒಂದು ದಿನ ಆ ಹುಡುಗಿಯ ಅಪ್ಪ ಕೇಳಿದರು: “ಇದ್ರಾಗ ಬ್ರಾಸಿನ ಲೆಕ್ಕ ಬರ್ತದೇನ್ರೀ?” ನಮಗೆ ಯಾರಿಗೂ ಬ್ರಾಸ್ ಗೊತ್ತಿರಲಿಲ್ಲ. ಅವರೇ ಹೇಳಿಕೊಟ್ಟರು. ಮರಳು, ಜಲ್ಲಿಯಾದರೆ 100 ಘನ ಅಡಿಗೆ ಒಂದು ಬ್ರಾಸ್. ಪ್ಲಾಸ್ಟರ್ ಆದರೆ 100 ಚದರ ಅಡಿಗೆ. ಕೂಲಿ ಸಿಗುವುದು ಬ್ರಾಸಿನ ಲೆಕ್ಕದಲ್ಲಿ. 23 ಅಡಿ ಉದ್ದ, 10 ಅಡಿ ಎತ್ತರದ ಗೋಡೆಯೆಂದರೆ 2.3 ಬ್ರಾಸ್. ಮಾಪು ಬರೆದುಕೊಳ್ಳುವವನು 2 ಎಂದು ಬರೆದರೆ ಉಳಿದದ್ದು ಹೋಯಿತು. ಮುಂದಿನ ಭಾನುವಾರದ ಹೊತ್ತಿಗೆ ಹುಡುಗರು ಬ್ರಾಸಿನ ಲೆಕ್ಕ ಸೇರಿಸಿದರು. ಆ ಗೌಂಡಿ ಪ್ರತಿ ಗೋಡೆಯ ಅಳತೆ ಹಾಕಿ, ಮೊಬೈಲ್ ತೋರಿಸಿ, ತಮ್ಮ ಕೂಲಿ ಕೇಳಿ ಪಡೆಯತೊಡಗಿದರು. ಜೊತೆಯವರೂ ಇವರ ಬಳಿ ಬಂದು ಲೆಕ್ಕ ಹಾಕಿಸಿಕೊಳ್ಳುತ್ತಿದ್ದರು.

ಪುಟ ತೆರೆಯದ ಆ ದಿನ ಏನಾಯಿತು ಎಂದು ಕೇಳಿದೆ. “ಎಲ್ಲಾರ ಮುಂದ ಮೊಬೈಲ್ ತೋರಿಸ್ತೀನಿ ಅಂದಿದ್ದೆ ಸರ. ಖಾಲಿ ಬಂತು. ನಕ್ಕರು. ಅವರು ಬರದಷ್ಟಕ್ಕ ಹೆಬ್ಬೆಟ್ಟು ಒತ್ತಿ ಬಂದೆ.”

ತಾಣ ಕಟ್ಟಿದವರಲ್ಲಿ ಒಬ್ಬಳಿಗೆ ಫೋನು ಮಾಡಿದೆ. ಓದು ಮುಗಿಸಿ ಹೈದರಾಬಾದಿನಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಬೇಸರಪಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು: “ಆದರೆ ಸರ್, ನಾವು ಯಾರ ಹತ್ರಾನೂ ಒಂದು ರೂಪಾಯಿ ತಗೊಂಡಿಲ್ಲವಲ್ಲ?”

ಆ ಪ್ರಶ್ನೆ ನನ್ನನ್ನು ಬಹಳ ದಿನ ಬಿಡಲಿಲ್ಲ. ಅವಳ ಮಾತಿನಲ್ಲಿ ನ್ಯಾಯವಿದೆ. ದುಡ್ಡು ಕೊಟ್ಟು ಕೊಂಡ ವಸ್ತು ಕೆಟ್ಟರೆ ಅಂಗಡಿಯವನನ್ನು ಕೇಳಬಹುದು. ಉಚಿತವಾಗಿ ಕೊಟ್ಟವರನ್ನು ಯಾವ ಹಕ್ಕಿನಿಂದ ಕೇಳುವುದು? ಇಪ್ಪತ್ತೊಂದು ವರ್ಷದ ಮಕ್ಕಳು ಸಿನಿಮಾ ನೋಡುವ ಭಾನುವಾರವನ್ನು ಶೆಡ್ಡಿನಲ್ಲಿ ಕಳೆದರು. ಅದಕ್ಕೆ ಜೀವನಪೂರ್ತಿ ಅವರನ್ನು ಕಟ್ಟಿಹಾಕಿದರೆ ನಾಳೆ ಯಾರೂ ಯಾರಿಗೂ ಏನನ್ನೂ ಕೊಡುವುದಿಲ್ಲ.

ಆಗ ನೆನಪಾದದ್ದು ನಮ್ಮೂರ ದಾರಿಯ ಅರವಟ್ಟಿಗೆ. ಚೈತ್ರ ಬಂದರೆ ಚಪ್ಪರ ಹಾಕಿ, ಮರಳಿನ ಮೇಲೆ ಮಣ್ಣಿನ ಕೊಡ ಇಡುತ್ತಿದ್ದರು. ಅದೂ ಉಚಿತವೇ. ಆದರೆ ಅಲ್ಲಿ ನೀರಿದೆಯೆಂದು ಗೊತ್ತಾದ ಮೇಲೆ ದಾರಿಹೋಕರು ಹಿಂದಿನ ಊರಿನ ಬಾವಿಯಲ್ಲಿ ನೀರು ತುಂಬಿಕೊಳ್ಳುವುದನ್ನು ಬಿಡುತ್ತಾರೆ. ಕೊಡವೇ ಇಲ್ಲದ ದಾರಿಗಿಂತ ಖಾಲಿ ಕೊಡವಿರುವ ದಾರಿ ಹೆಚ್ಚು ಅಪಾಯದ್ದು. ಅರವಟ್ಟಿಗೆ ಇಡಿಸಿದವರ ಪುಣ್ಯ ಕೊಡ ಕೊಂಡ ದಿನಕ್ಕೆ ಮುಗಿಯುವುದಿಲ್ಲ. ದಿನಾ ಬೆಳಿಗ್ಗೆ ತುಂಬುವವರೊಬ್ಬರು ಬೇಕು. ನಾವು ಹಣ ತೆಗೆದುಕೊಳ್ಳಲಿಲ್ಲ, ನಿಜ. ಭರವಸೆ ತೆಗೆದುಕೊಂಡೆವು.

‘ನಾವು’ ಎಂದು ಬೇಕೆಂದೇ ಬರೆಯುತ್ತಿದ್ದೇನೆ. ಸಂಘದ ಸಭೆಯಲ್ಲಿ ಆ ತಾಣವನ್ನು ಹೊಗಳಿ ಮಾತಾಡಿದವನು ನಾನು. ಹಣ ಕಟ್ಟುವ ದಿನ ಯಾವುದೆಂದು ಒಮ್ಮೆಯೂ ಕೇಳಲಿಲ್ಲ.

ಹಾಗೆಂದು ಕಟ್ಟಿದವರೇ ಕೊನೆಯವರೆಗೂ ಹೊರಬೇಕೆಂದಲ್ಲ. ಇಂದು ಲೋಕದ ಅನೇಕ ಶಾಲೆಗಳು ಬಳಸುವ ಜಿಯೋಜೀಬ್ರಾ ಶುರುವಾದದ್ದೂ ಒಬ್ಬ ವಿದ್ಯಾರ್ಥಿಯಿಂದಲೇ. 2001ರಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದ ತಮ್ಮ ಸ್ನಾತಕೋತ್ತರ ಪ್ರಬಂಧಕ್ಕಾಗಿ ಅದನ್ನು ಮಾಡತೊಡಗಿದರು. ಅದು ಉಳಿದು ಬೆಳೆದದ್ದು ಬೇರೆಬೇರೆ ದೇಶಗಳ ಅಧ್ಯಾಪಕರು ಅನುವಾದಿಸಿ, ಪಾಠ ಬರೆದು ಕೈಗೂಡಿಸಿದ್ದರಿಂದ. 2021ರ ಕೊನೆಗೆ ನಮ್ಮ ಬೆಂಗಳೂರಿನ ಬೈಜೂಸ್ ಅದನ್ನು ಕೊಂಡಿತು. 2024ರಲ್ಲಿ ಆ ಕಂಪನಿಯೇ ದಿವಾಳಿ ಪ್ರಕ್ರಿಯೆಗೆ ಸಿಕ್ಕಿತು. ಜಿಯೋಜೀಬ್ರಾ ನಿಲ್ಲಲಿಲ್ಲ. ಆದರೂ ಉಚಿತದ ಹಿಂದೆ ಯಾರ ಕೈ ಇದೆ, ಆ ಕೈ ಎಷ್ಟು ಗಟ್ಟಿ ಎಂದು ಕೇಳುವುದು ಕೃತಘ್ನತೆಯಲ್ಲ ಎನ್ನುವುದು ಇದರಿಂದ ತಿಳಿಯುತ್ತದೆ.

ನಮ್ಮ ತಪ್ಪು ಇನ್ನೊಂದಿತ್ತು. ತಾಣದಲ್ಲಿ ಉದ್ದ, ಎತ್ತರ ಹಾಕಿದರೆ ಉತ್ತರ ಬರುತ್ತಿತ್ತು, ದಾರಿ ಕಾಣುತ್ತಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ಗಣಿತವನ್ನು ಕನ್ನಡದಲ್ಲೇ ಬರೆದ. ಅವನ ಒಂದು ಕೃತಿಯ ಹೆಸರೇ ‘ವ್ಯವಹಾರ ಗಣಿತ’. ನಮ್ಮ ಅಜ್ಜಂದಿರು ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳನ್ನು ಬಾಯಲ್ಲೇ ಇಟ್ಟುಕೊಂಡಿದ್ದರು. ಮಗ್ಗಿಗೆ ಕರೆನ್ಸಿ ಬೇಡ, ಸಿಗ್ನಲ್ ಬೇಡ. ಕಲಿಸಿದವರು ಊರು ಬಿಟ್ಟರೂ ಕಲಿತವರಲ್ಲಿ ಅದು ಉಳಿಯುತ್ತದೆ. ನೆರವು ಕೊಡುವವರು ತಾವಿಲ್ಲದ ದಿನವನ್ನು ಮೊದಲೇ ಯೋಚಿಸಿರಬೇಕು ಎಂದು ಈಗ ನನಗನ್ನಿಸುತ್ತದೆ.

ಹೈದರಾಬಾದಿನ ಹುಡುಗಿ ಅಂದು ರಾತ್ರಿಯೇ ಹಣ ಕಟ್ಟಿದಳು. ಮೂವರೂ ಸೇರಿ ತಾಣವನ್ನು ಇಂಟರ್‌ನೆಟ್ ಇಲ್ಲದೆಯೂ ನಡೆಯುವಂತೆ ತಿದ್ದಿದರು. ಉತ್ತರದ ಜೊತೆ ಲೆಕ್ಕದ ದಾರಿಯೂ ಈಗ ಕಾಣುತ್ತದೆ. ಕೆಳಗೆ ಒಂದು ಸಾಲು: ಇದು ಇಂಥ ತಾರೀಕಿನವರೆಗೆ ನಡೆಯುತ್ತದೆ. ಆ ತಾರೀಕು ನನ್ನ ಕ್ಯಾಲೆಂಡರಿನಲ್ಲೂ ಇದೆ. ಈ ಸಲದ ಕಂತು ನನ್ನದು.

ಹೋದ ಭಾನುವಾರ ಶೆಡ್ಡಿಗೆ ಹೋಗಿದ್ದೆ. ಗೌಂಡಿ ಇಟ್ಟಿಗೆಯ ಚೂರಿನಿಂದ ನೆಲದ ಮೇಲೆ 19, ಅದರ ಕೆಳಗೆ 11 ಬರೆದು ಗುಣಿಸುತ್ತಿದ್ದರು. ಪಕ್ಕದಲ್ಲಿ ಮಗಳು ಮಗ್ಗಿ ಹೇಳಿಕೊಡುತ್ತಿದ್ದಳು. 209 ಬಂತು. ಬಲಗಡೆಯ ಎರಡು ಅಂಕಿ ಬಿಟ್ಟು ಚುಕ್ಕಿ ಇಟ್ಟರು. ಎರಡು ಬ್ರಾಸಿನ ಮೇಲೆ ಸ್ವಲ್ಪ. ಆಮೇಲೆ ಮೊಬೈಲ್ ತೆಗೆದು ಸರಿಯಿದೆಯೇ ಎಂದು ನೋಡಿದರು. ಅಂದು ಹೆಬ್ಬೆಟ್ಟು ಒತ್ತಿದ ಗೋಡೆಗಳ ಕೂಲಿ ಮಾತ್ರ ಅವರಿಗೆ ಇನ್ನೂ ಬಂದಿಲ್ಲ.