ಗುರುಗಳ ಕೈಗೆ ಕತ್ತಿ ಏಕೆ ಸಲ್ಲದು?



2008ರ ಸೆಪ್ಟೆಂಬರ್ 14, ಭಾನುವಾರ. ಪವಿತ್ರ ಶಿಲುಬೆಯ ವಿಜಯೋತ್ಸವದ ಹಬ್ಬ. ಅಂದು ಮಂಗಳೂರಿನ ಮಿಲಾಗ್ರಿಸ್ ದೇವಾಲಯದ ಬಳಿಯ ಆರಾಧನಾ ಮಠಕ್ಕೆ ನುಗ್ಗಿದವರು ಶಿಲುಬೆಯನ್ನು ಮುರಿದರು, ಪರಮಪ್ರಸಾದದ ಪೆಟ್ಟಿಗೆಯನ್ನು ಹಾಳುಗೆಡವಿದರು. ಅಲ್ಲಿದ್ದವರು ಲೋಕದ ಗೊಡವೆ ಬಿಟ್ಟು ಪರಮಪ್ರಸಾದದ ಮುಂದೆ ಪ್ರಾರ್ಥಿಸುವ ಕನ್ಯಾಸ್ತ್ರೀಯರು. ಸುದ್ದಿ ಹರಡುತ್ತಲೇ ಯುವಕರು ಬೀದಿಗಿಳಿದರು. ಕಲ್ಲು ತೂರಾಟವೂ ಆಯಿತು, ಲಾಠಿ ಏಟುಗಳೂ ಬಿದ್ದವು. ಇತ್ತ ಮೈಸೂರಿನಲ್ಲೂ ಕೆಲವರು ಸಿಟ್ಟಿನಿಂದ ಕೇಳಿದರು: "ದೇವಾಲಯಕ್ಕೇ ಕೈಯಿಟ್ಟರೂ ಸ್ವಾಮಿಗಳು ಶಾಂತಿ ಶಾಂತಿ ಎನ್ನುತ್ತಲೇ ಇರಬೇಕೇ?"

ಹೌದು, ಸ್ವಾಮಿಗಳು ಹಾಗೆ ಹೇಳಲೇಬೇಕು. ಆದರೆ ಅದು ಹೆದರಿಕೆಯಿಂದಲ್ಲ.

ಗುರುಗಳು ಯುದ್ಧ ಮಾಡಬಹುದೇ ಎಂಬ ಪ್ರಶ್ನೆಯನ್ನು ಸಂತ ತೋಮಸ್ ಅಕ್ವಿನಾಸರು 13ನೇ ಶತಮಾನದಲ್ಲೇ ಎತ್ತಿಕೊಂಡಿದ್ದರು. ನ್ಯಾಯವಾದ ಯುದ್ಧವೂ ಪಾಪವೆಂದು ಅವರು ಹೇಳಲಿಲ್ಲ. ವ್ಯಾಪಾರ ಪಾಪವಲ್ಲ, ಆದರೂ ಗುರುಗಳಿಗೆ ಅದು ತಕ್ಕುದಲ್ಲ. ಯುದ್ಧವಂತೂ ಇನ್ನೂ ತಕ್ಕುದಲ್ಲ ಎಂದರು. ಬಲಿಪೀಠದ ಮೇಲೆ ಕ್ರಿಸ್ತರ ರಕ್ತದ ಪಾತ್ರೆಯನ್ನು ಎತ್ತುವ ಕೈ ಇನ್ನೊಬ್ಬರ ರಕ್ತ ಹರಿಸಬಾರದು, ಬೇಕಾದರೆ ತನ್ನ ರಕ್ತವನ್ನೇ ಸುರಿಸಲು ಸಿದ್ಧವಿರಬೇಕು. ಇದು ಅವರ ವಾದದ ತಿರುಳು. ಇದೇ ತೋಮಸರು, ಆ ಕಾಲದ ಯೋಧ ಸನ್ಯಾಸಿಗಳ ಸಂಘಗಳಿಗೆ ಒಪ್ಪಿಗೆಯನ್ನೂ ಕೊಟ್ಟರು ಎಂಬುದನ್ನು ಮುಚ್ಚಿಡುವುದು ಸರಿಯಲ್ಲ. ಅವರಲ್ಲಿ ಕತ್ತಿ ಹಿಡಿದವರು ಗುರುದೀಕ್ಷೆ ಪಡೆದವರಲ್ಲ ಎಂಬ ಸಮಜಾಯಿಷಿ ಇದೆ. ನನಗಂತೂ ಅದು ಸಾಲದು. ಎಲ್ಲವನ್ನೂ ತ್ಯಜಿಸುತ್ತೇನೆಂದು ವ್ರತ ತೊಟ್ಟವನು ಕತ್ತಿಯೊಂದನ್ನು ಮಾತ್ರ ಉಳಿಸಿಕೊಳ್ಳುವುದು ಹೇಗೆ?

ನಮ್ಮ ಧರ್ಮಕೇಂದ್ರಗಳಲ್ಲಿ ಪೊಲೀಸರಿದ್ದಾರೆ, ಸೈನಿಕರಿದ್ದಾರೆ. ಈ ಮಾತು ಅವರನ್ನು ಕುರಿತದ್ದಲ್ಲ. ಅಮಾಯಕರ ಪ್ರಾಣ ಕಾಯುವುದು ಅವರ ಕರ್ತವ್ಯವೆಂದು ಧರ್ಮಸಭೆ ಬೋಧಿಸುತ್ತದೆ. ಗುರುಗಳ ಕರೆ ಬೇರೆ.

ಈಗ ಗೆತ್ಸೆಮನಿ ತೋಪಿಗೆ ಬನ್ನಿ. ಪೇತ್ರನು ಮಾಲ್ಕನ ಕಿವಿ ಕತ್ತರಿಸಿದಾಗ, ಕತ್ತಿಯನ್ನು ಒರೆಗೆ ಹಾಕೆಂದ ಯೇಸುಸ್ವಾಮಿ ಆ ಕಿವಿಯನ್ನು ಮುಟ್ಟಿ ವಾಸಿಮಾಡಿದರು. ಇದು ನಮಗೆಲ್ಲ ಗೊತ್ತು. ಅದೇ ರಾತ್ರಿ ನಡೆದ ಇನ್ನೊಂದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಪ್ರಧಾನ ಯಾಜಕನ ಮುಂದೆ ಕಾವಲುಗಾರನೊಬ್ಬ ಕೆನ್ನೆಗೆ ಬಾರಿಸಿದಾಗ ಸ್ವಾಮಿ ತಿರುಗಿ ಹೊಡೆಯಲಿಲ್ಲ, ಸುಮ್ಮನೂ ಇರಲಿಲ್ಲ. ನಾನು ಆಡಿದ್ದು ತಪ್ಪಾದರೆ ತೋರಿಸು, ಇಲ್ಲವಾದರೆ ಹೊಡೆದದ್ದೇಕೆ ಎಂದು ನೇರವಾಗಿ ಕೇಳಿದರು. ಸಂತ ಯೊವಾನ್ನನ 18ನೇ ಅಧ್ಯಾಯವನ್ನು ಮನೆಯಲ್ಲಿ ಕೂತು ಓದಿ ನೋಡಿ.

ಗುರುಗಳ ಅಹಿಂಸೆ ಇಂಥದ್ದಾಗಿರಬೇಕು. 1983ರ ಧರ್ಮಸಭೆಯ ಕಾನೂನು ಕೂಡ ಗುರುಗಳು ಸ್ವಇಚ್ಛೆಯಿಂದ ಸೈನ್ಯ ಸೇರಬಾರದೆಂದು ತಡೆಯುತ್ತದೆ. ಜೊತೆಗೆ ನ್ಯಾಯದ ಮೇಲೆ ನಿಂತ ಶಾಂತಿಯನ್ನು ಬೆಳೆಸಬೇಕೆಂದು ಕಟ್ಟಳೆ ಹಾಕುತ್ತದೆ. ಮೊದಲನೆಯದನ್ನು ಪಾಲಿಸಿ ಎರಡನೆಯದನ್ನು ಮರೆಯುವ ಗುರುವಿಗೆ ಶಾಂತಿಪ್ರಿಯ ಎಂಬ ಹೆಸರು ಸುಲಭವಾಗಿ ಸಿಗುತ್ತದೆ, ಅಷ್ಟೇ.

ಕತ್ತಿ ಹಿಡಿಯದ ಕೈಗೆ ಕೆಲಸವೇನು ಕಡಿಮೆಯೇ? 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಚದುರಿಹೋಗಿದ್ದ ಕ್ರೈಸ್ತರ ನಡುವೆ ಬಂದವರು ಫ್ರಾನ್ಸಿನ ಅಬ್ಬೆ ದುಬೋಯಿಸ್. ಗೆದ್ದ ಸೈನ್ಯದ ಬೆನ್ನಿಗೇ ಬಂದರು ನಿಜ. ಆದರೆ ಹಳೆಯ ಸೇಡನ್ನು ಕೆದಕಲಿಲ್ಲ. ಚದುರಿದವರನ್ನು ಒಟ್ಟುಗೂಡಿಸಿದರು, ಬೇಸಾಯದ ನೆಲೆ ಕಲ್ಪಿಸಿದರು, ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸಲು ಊರೂರು ತಿರುಗಿದರು. ಗಂಜಾಂನ ದೇವಾಲಯಕ್ಕೆ ಹೋದವರು ಅವರನ್ನು ನೆನೆಯಿರಿ.

2008ರ ದಾಳಿಗಳ ಬಗ್ಗೆ ನ್ಯಾಯಮೂರ್ತಿ ಸೋಮಶೇಖರ ಆಯೋಗದ ವರದಿ 2011ರ ಜನವರಿಯಲ್ಲಿ ಬಂತು. ನಮ್ಮವರಲ್ಲಿ ಬಹಳ ಮಂದಿಗೆ ಅದರಿಂದ ಸಮಾಧಾನವಾಗಲಿಲ್ಲ. ಆಗಲೂ ಉಳಿದ ದಾರಿ ಮತ್ತೆ ಕೇಳುವುದೇ. ಮುಂದೆಂದಾದರೂ ಇಂಥದ್ದು ನಡೆದರೆ, ಗುಂಪು ಕಟ್ಟಿದ ಯುವಕರ ಕೈಯಿಂದ ಕಲ್ಲನ್ನು ಮೊದಲು ಬಿಡಿಸಬೇಕಾದವರು ಗುರುಗಳು; ಠಾಣೆಯ ಮೆಟ್ಟಿಲನ್ನು ಮೊದಲು ಹತ್ತಬೇಕಾದವರೂ ಅವರೇ. ಆಗ ಅವರೊಬ್ಬರನ್ನೇ ಕಳಿಸಬೇಡಿ, ನಾಲ್ಕು ಹಿರಿಯರು ಜೊತೆಗೆ ಹೋಗಿ. ಕಂಡದ್ದನ್ನು ಕಂಡಷ್ಟೇ ಬರೆದುಕೊಡಿ, ದೂರಿನ ಪ್ರತಿಯನ್ನು ಕೇಳಿ ಪಡೆದುಕೊಂಡು ಬನ್ನಿ.